ಬೆವರು ಕಾಣದ ಬೆಟ್ಟ

ತಮ್ಮ ಮಸ್ಕತ್ತಿಗೆ ಹೋಗಿ 19 ವರ್ಷವಾಯಿತು. ಊರಿಗೆ ಬಂದಾಗಲೆಲ್ಲ ಅವನು "ಅಕ್ಕ, ಒಮ್ಮೆ ಬಾ" ಎನ್ನುವುದು, ನಾನು "ಬರುವ ಬರುವ" ಎನ್ನುವುದು, ಅಲ್ಲಿಗೆ ಆ ಮಾತು ಮುಗಿಯುವುದು. ನಮ್ಮ ಕಡೆಯವರಿಗೆ ಗೊತ್ತು, ಹೀಗೆ ಎರಡೆರಡು ಸಲ ಹೇಳಿದ "ಬರುವ"ಕ್ಕೆ ಬರುವುದಿಲ್ಲ ಎಂದೇ ಅರ್ಥ. ಕಳೆದ ಡಿಸೆಂಬರಿನಲ್ಲಿ ಅವನು ಕೇಳಲೇ ಇಲ್ಲ. ಕ್ರಿಸ್‌ಮಸ್ ರಜೆಗೆ ಸರಿಯಾಗಿ ಬಜ್ಪೆಯಿಂದ ಟಿಕೆಟ್ ಮಾಡಿ ವಾಟ್ಸಾಪಿಗೆ ಹಾಕಿದ. ಅದರ ಕೆಳಗೆ ಒಂದೇ ಸಾಲು: "10 ಕಿಲೋ ಕುಚ್ಚಲಕ್ಕಿ, ಎರಡು ಬಾಟ್ಲಿ ಮಿಡಿ ಉಪ್ಪಿನಕಾಯಿ, ನಿನ್ನ ಟ್ರೆಕ್ಕಿಂಗ್ ಶೂ."

ಶೂ ಯಾಕೆಂದು ಫೋನ್ ಮಾಡಿದೆ.

"ಜಬಲ್ ಶಮ್ಸ್ ಹತ್ತುವ."

"ಎಷ್ಟು ಎತ್ತರ ಅದು?"

"2,997 ಮೀಟರ್. ಮೂರು ಸಾವಿರಕ್ಕೆ ಮೂರು ಕಡಿಮೆ."

"ಆ ಮೂರು ಯಾಕೆ ಬಿಟ್ಟದ್ದು?"

"ಅದಕ್ಕಿಂತ ಎತ್ತರದ ತುದಿಯಲ್ಲಿ ಮಿಲಿಟರಿಯವರಿದ್ದಾರೆ ಮಾರಾಯ್ತಿ. ನಮ್ಮನ್ನು ಬಿಡುವುದಿಲ್ಲ."

ಜಬಲ್ ಶಮ್ಸ್ ಎಂದರೆ ಸೂರ್ಯನ ಬೆಟ್ಟ. ಒಮಾನ್ ದೇಶದ ಹಜರ್ ಪರ್ವತಸಾಲಿನಲ್ಲಿ ಇದೇ ಎಲ್ಲಕ್ಕಿಂತ ಎತ್ತರದ್ದು. ಇದಕ್ಕೆ ಎರಡು ತಲೆ. ಉತ್ತರದ್ದರ ಮೇಲೆ ರಾಡಾರ್ ಕೂತಿದೆ, ದಕ್ಷಿಣದ್ದು ನಡೆಯುವವರ ಪಾಲಿಗೆ.

ಅಕ್ಕಿ ಹೊತ್ತುಕೊಂಡು ಮಸ್ಕತ್ತಿಗೆ ಹೋಗುವುದೇನೂ ನನ್ನಿಂದ ಶುರುವಾದದ್ದಲ್ಲ ಬಿಡಿ. ಬಸ್ರೂರು, ಮಂಗಳೂರು ಬಂದರುಗಳಿಂದ ನಮ್ಮ ಕರಾವಳಿಯ ಅಕ್ಕಿ ನೂರಾರು ವರ್ಷ ಅಲ್ಲಿಗೆ ಹೋಗಿದೆ. ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಆಗಿನ ಹಾಯಿಹಡಗಿನವರಿಗೆ ಕಿಲೋ ಲೆಕ್ಕದ ಕಾಟ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಚೀಲ ಕೌಂಟರಿನಲ್ಲಿ ಒಂದೂವರೆ ಕಿಲೋ ಹೆಚ್ಚು ತೂಗಿ, ಶೂವನ್ನು ಅಲ್ಲೇ ಕಾಲಿಗೆ ಹಾಕಿಕೊಂಡು, ಚಪ್ಪಲಿಯನ್ನು ಕೈಚೀಲಕ್ಕೆ ತುರುಕಿ ವಿಮಾನ ಹತ್ತಿದೆ.

ಬೆಟ್ಟ ನನಗೆ ಹೊಸತಲ್ಲ. ಗಡಾಯಿಕಲ್ಲು ಏಳೆಂಟು ಸಲ ಹತ್ತಿದ್ದೇನೆ, ಶಾಲೆಯ ಮಕ್ಕಳನ್ನು ಕಟ್ಟಿಕೊಂಡೇ. ಕೊಡಚಾದ್ರಿ ಲೆಕ್ಕವಿಲ್ಲ. ಕುದುರೆಮುಖ ಎರಡು ಸಲ. ಕುಮಾರಪರ್ವತವನ್ನು ಸುಬ್ರಹ್ಮಣ್ಯದ ಕಡೆಯಿಂದ ಒಮ್ಮೆ ಹತ್ತಿ, ಇಳಿದ ಮೇಲೆ ನಾಲ್ಕು ದಿನ ಸ್ಟಾಫ್ ರೂಮಿನ ಮೆಟ್ಟಿಲನ್ನು ಅಡ್ಡಡ್ಡ ಹತ್ತಿದ್ದೇನೆ. ಆದ್ದರಿಂದ ಒಣ ಬೆಟ್ಟವೊಂದು ನನ್ನನ್ನು ಏನು ಮಾಡೀತು ಎಂಬ ಸಣ್ಣ ಗರ್ವ ಒಳಗೆ ಇತ್ತು. ಜಾರುವ ಬೇರಿಲ್ಲ, ಉಂಬಳ ಇಲ್ಲ, ಮಂಜು ಮುಸುಕಿ ದಾರಿ ತಪ್ಪುವುದಿಲ್ಲ. ಮುಖ್ಯವಾಗಿ ಬೆವರಿಲ್ಲ! ಉಡುಪಿಯಲ್ಲಿ ಮಾರ್ಚಿನ ಬೆಳಿಗ್ಗೆ ಎಂಟು ಗಂಟೆಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಸ್ಸಿಗೆ ನಿಂತವರಿಗೆ ಈ ಕೊನೆಯ ಮಾತಿನ ತೂಕ ಗೊತ್ತಾಗುತ್ತದೆ.

ನಮಗೆ ಬೆವರು ಒಂದು ಗಡಿಯಾರ. ಹುಬ್ಬಿನಿಂದ ಇಳಿದು ಕಣ್ಣಿಗೆ ಹೊಕ್ಕರೆ ಅರ್ಧ ಗಂಟೆ ನಡೆದಾಯಿತು ಎಂದು ಲೆಕ್ಕ. ಬೆನ್ನಿಗೆ ಬಟ್ಟೆ ಅಂಟಿದರೆ ಕೂರಬೇಕು. ಮೊಣಕೈಯಿಂದ ತೊಟ್ಟಿಕ್ಕಿದರೆ ನೀರು ಕುಡಿಯಬೇಕು. ಯಾರೂ ಕಲಿಸದೆ ಮೈಗೆ ಬಂದ ಲೆಕ್ಕ ಇದು.

ಮಸ್ಕತ್ತಿನಿಂದ ನಿಜ್ವಾ ಕಡೆಗೆ ಹೊರಟ ದಾರಿಯಲ್ಲಿ ಎರಡೂ ಬದಿಗೆ ಗುಡ್ಡಗಳು. ಮರವಿಲ್ಲ, ಹುಲ್ಲಿಲ್ಲ. ಕಡುಕಂದು ಬಣ್ಣ, ನಡುನಡುವೆ ಹಾವಸೆಯಂಥ ಹಸಿರು ಛಾಯೆ, ಪುಡಿ ಪುಡಿ ಉದುರುವ ಮೈ. ಸುಟ್ಟ ಇಟ್ಟಿಗೆ ಗೂಡನ್ನು ಒಡೆದು ಸುರುವಿದ ಹಾಗೆ. ತಮ್ಮನ ಜೊತೆ ಕೆಲಸ ಮಾಡುವ ಕುಂದಾಪುರದವರೊಬ್ಬರು ಹಿಂದಿನ ಸೀಟಿನಲ್ಲಿದ್ದರು. "ಇದನ್ ಕಂಡ್ರೆ ನಂಗೆ ಬೇಜಾರ್" ಎಂದರು. ನನಗೆ ಮಾತ್ರ ಕಾರು ನಿಲ್ಲಿಸಿ ಇಳಿಯಬೇಕೆನಿಸಿತು. ಒಮಾನಿನ ಈ ಕಲ್ಲು ಭೂವಿಜ್ಞಾನಿಗಳಿಗೆ ತೀರ್ಥಕ್ಷೇತ್ರ. ಸಮುದ್ರದ ತಳ, ಅದರ ಕೆಳಗಿನ ಭೂಗರ್ಭದ ಪದರ, ಎರಡೂ ಎದ್ದು ಬಂದು ನೆಲದ ಮೇಲೆ ಏರಿ ಕೂತ ಜಾಗ ಇದು. ಬೇರೆ ಕಡೆ ಕಿಲೋಮೀಟರುಗಟ್ಟಲೆ ಆಳಕ್ಕೆ ಕೊರೆದರೂ ಸಿಗದ ಕಲ್ಲು ಇಲ್ಲಿ ರಸ್ತೆ ಬದಿಗೆ ಬಿದ್ದಿರುತ್ತದೆ. ಇದಕ್ಕೆ ಒಫಿಯೊಲೈಟ್ ಎನ್ನುತ್ತಾರೆ, ಹುಟ್ಟಿ ಸುಮಾರು ಒಂಬತ್ತೂವರೆ ಕೋಟಿ ವರ್ಷ.

ವರ್ಷಕ್ಕೊಮ್ಮೆ ಮಕ್ಕಳನ್ನು ಮಲ್ಪೆಯಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ಕಂಬಗಲ್ಲುಗಳ ಎದುರು ನಿಂತು, ಮಡಗಾಸ್ಕರ್ ನಮ್ಮಿಂದ ಬೇರ್ಪಡುವಾಗ ಉಕ್ಕಿದ ಲಾವಾ ಇದು, ಸುಮಾರು 8.8 ಕೋಟಿ ವರ್ಷದ ಹಿಂದಿನದು ಎಂದು ಪ್ರತಿ ವರ್ಷವೂ ಹೇಳುತ್ತೇನೆ. ಮಕ್ಕಳು ಕೇಳಿದ ಹಾಗೆ ಮಾಡಿ ಸೆಲ್ಫಿ ತೆಗೆಯುತ್ತಾರೆ. ನಮ್ಮ ದ್ವೀಪದ ಲಾವಾ ಉಕ್ಕಿದ್ದೂ ಇಲ್ಲಿ ಕಡಲ ತಳ ಹುಟ್ಟಿದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಇದನ್ನು ಕಾರಿನಲ್ಲಿ ಹೇಳಿದೆ. ತಮ್ಮ "ಹೌದಾ?" ಎಂದ. ಅವನು ನನ್ನ ಕ್ಲಾಸಿನಲ್ಲಿ ಕೂತವನಲ್ಲ, ಆದರೂ ಅದೇ "ಹೌದಾ".

ನಿಜ್ವಾದಲ್ಲಿ ಊಟ. ಆಮೇಲೆ ಫಲಜ್ ನೋಡುವ ಎಂದ. ಫಲಜ್ ಎಂದರೆ ನೀರಿನ ಕಾಲುವೆ. ಬೆಟ್ಟದ ಬುಡದಲ್ಲಿ ನೆಲದೊಳಗಿನ ನೀರಿರುವ ಜಾಗ ಹುಡುಕಿ, ಅಲ್ಲಿಂದ ಸ್ವಲ್ಪವೇ ಇಳಿಜಾರಿನಲ್ಲಿ ಸುರಂಗ, ಕಾಲುವೆ ತೆಗೆದು ಊರಿಗೂ ಖರ್ಜೂರದ ತೋಟಕ್ಕೂ ತರುವುದು. ಪಂಪಿಲ್ಲ, ಏತವಿಲ್ಲ, ನೀರು ತಾನಾಗಿ ಬರುತ್ತದೆ. ಒಮಾನಿನಲ್ಲಿ ಸುಮಾರು 3,000 ಇಂಥವು ಇಂದಿಗೂ ಹರಿಯುತ್ತಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾದ ಫಲಜ್ ದಾರಿಸ್ ಅವುಗಳಲ್ಲೊಂದು. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಹಗಲು ನೆರಳಿನಿಂದ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕುತ್ತಿದ್ದರಂತೆ.

ನಾನು ಅಲ್ಲಿ ಕಾಲು ಇಳಿಬಿಟ್ಟು ಕೂತೆ. ವಿಟ್ಲದ ಹತ್ತಿರದ ನಮ್ಮ ಅಜ್ಜನ ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಸುರಂಗ ಇತ್ತು. ಮುರಕಲ್ಲಿನೊಳಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ. ಒಳಗೆ ಬಾವಲಿ, ಕೊರೆಯುವ ತಂಪು, ಕತ್ತಲಲ್ಲಿ ಎಲ್ಲಿಂದಲೋ ತೊಟ್ಟಿಕ್ಕುವ ಸದ್ದು. ಆ ನೀರು ಅಡಿಕೆ ದಂಬೆಯಲ್ಲಿ ಅಂಗಳದ ತೊಟ್ಟಿಗೆ ಬೀಳುತ್ತಿತ್ತು, ಬೇಸಗೆಯಲ್ಲೂ ಹೆಬ್ಬೆರಳಿನಷ್ಟು ದಪ್ಪ. ಈ ವಿದ್ಯೆ ಅರಬರ ವ್ಯಾಪಾರದ ಜೊತೆ ಬಂದದ್ದು ಎನ್ನುವವರಿದ್ದಾರೆ, ಮುರಕಲ್ಲು ಕಂಡವನಿಗೆ ತಾನೇ ಹೊಳೆಯುವ ಉಪಾಯ ಎನ್ನುವವರೂ ಇದ್ದಾರೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ನಮ್ಮ ಊರಿಗೂ 100 ಮಿಲಿಮೀಟರ್ ಬಂದರೆ ಸಮಾಧಾನ ಪಡುವ ಮಸ್ಕತ್ತಿಗೂ ನೀರಿನ ವಿಷಯದಲ್ಲಿ ಒಂದೇ ಉಪಾಯ ಹೊಳೆದದ್ದು ತಮಾಷೆ ಅನಿಸಿತು. ನಮ್ಮದರಲ್ಲಿ ಈಗ ನೀರಿಲ್ಲ. ಗುಡ್ಡದ ಮೇಲೆ ಬೋರ್‌ವೆಲ್ ಬಂದ ಮೇಲೆ ದಂಬೆ ಒಣಗಿ, ಸುರಂಗದ ಬಾಯಿಗೆ ಮುಳ್ಳುಬೇಲಿ ಬಿತ್ತು.

ಗುಲ್ ಎಂಬ ಹಳ್ಳಿ ದಾಟಿ ಬೆಟ್ಟ ಏರಿದೆವು. ನಾವು ಹೋದಾಗ ನಡುವೆ ಒಂದಷ್ಟು ದೂರ ಡಾಂಬರಿರಲಿಲ್ಲ, ಜೀಪು ಗಡಗಡ ನಡುಗಿತು. ಸಂಜೆ ಕಣಿವೆಯ ಅಂಚಿಗೆ ಬಂದು ನಿಂತಾಗ ಮಾತು ಹೊರಡಲಿಲ್ಲ. ಕಾಲ ಬುಡದಿಂದ ನೆಟ್ಟಗೆ ಕೆಳಕ್ಕೆ ಸುಮಾರು 1,000 ಮೀಟರ್. ಅರೇಬಿಯಾದ ಗ್ರ್ಯಾಂಡ್ ಕ್ಯಾನ್ಯನ್ ಎಂದು ಬೋರ್ಡಿನವರು ಕರೆಯುತ್ತಾರೆ. ಯಾರದೋ ಹೆಸರನ್ನು ತಂದು ಇದಕ್ಕೆ ಅಂಟಿಸುವ ದರಿದ್ರ ಯಾಕೋ ತಿಳಿಯಲಿಲ್ಲ, ವಾದಿ ಎಂದರೆ ಕಣಿವೆ, ವಾದಿ ನಖರ್ ಎಂಬ ಚಂದದ ಹೆಸರು ಇದಕ್ಕೇ ಉಂಟು. ಅಂಚಿನಲ್ಲಿ ಒಂದಿಬ್ಬರು ಹುಡುಗರು ಮೇಕೆಯ ಕೂದಲಿನಿಂದ ಹೆಣೆದ ಕೀಚೈನ್ ಮಾರುತ್ತಿದ್ದರು. ಅವರದೇ ಮೇಕೆಯೊಂದು ಬಂದು ನನ್ನ ಕೈಯಿಂದ ಕಿತ್ತಳೆ ಸಿಪ್ಪೆ ಕಸಿದು ತಿಂದು, ನಂತರ ಕಿತ್ತಳೆಗೂ ಕಣ್ಣು ಹಾಕಿತು.

ಆ ರಾತ್ರಿ ಟೆಂಟಿನಲ್ಲಿ ಚಳಿಯ ಕಾರಣ ನಿದ್ದೆ ಇಲ್ಲ. ನಾವು ಮಲಗಿದ ಜಾಗವೇ ಕುದುರೆಮುಖದ ತುದಿಯಷ್ಟು, ಅಂದರೆ 1,900 ಮೀಟರ್ ಹತ್ತಿರ ಎತ್ತರದಲ್ಲಿತ್ತು. ಅಲ್ಲಿಂದ ಇನ್ನೂ ಸಾವಿರಕ್ಕೂ ಹೆಚ್ಚು ಮೀಟರ್ ಹತ್ತಬೇಕು. ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರ್. ದಾರಿಯಲ್ಲಿ ನೀರಿಲ್ಲ. ತಲೆಗೆ ನಾಲ್ಕು ಲೀಟರ್ ಎಂದು ತಮ್ಮ ಹಿಂದಿನ ದಿನವೇ ಬಾಟ್ಲಿ ಲೆಕ್ಕ ಮಾಡಿ ಹಂಚಿದ್ದ. ಇವುಗಳ ಜೊತೆ ಅವನ ಹೆಂಡತಿ ನನ್ನ ಚೀಲಕ್ಕೆ ಒಂದು ಸ್ಟೀಲ್ ಫ್ಲಾಸ್ಕನ್ನೂ ತುರುಕಿದ್ದಳು.

"ಎಂತ ಇದು?"

"ಗಂಜಿತೆಳಿ ಅತ್ತಿಗೆ, ಉಪ್ಪು ಹಾಕಿದ್ದೇನೆ. ನೀವು ತಂದ ಅಕ್ಕಿಯದ್ದೇ."

"ಬೆಟ್ಟಕ್ಕೆ ಯಾರಾದರೂ ಗಂಜಿತೆಳಿ ಹೊತ್ತುಕೊಂಡು ಹೋಗುತ್ತಾರಾ ಮಾರಾಯ್ತಿ" ಎಂದು ನಕ್ಕಿದ್ದೆ. ಅವಳು ತೆಗೆಯಲಿಲ್ಲ, ನಾನೂ ಜಗಳ ಮಾಡಲಿಲ್ಲ.

ಬೆಳಿಗ್ಗೆ ಐದೂವರೆಗೆ ತಲೆಗೆ ಟಾರ್ಚ್ ಕಟ್ಟಿ ಹೊರಟೆವು. ಈ ದಾರಿಗೆ ಡಬ್ಲ್ಯು-4 ಎಂದು ನಂಬರು. ಕಲ್ಲುಗಳ ಮೇಲೆ ಹಳದಿ, ಬಿಳಿ, ಕೆಂಪು ಮೂರು ಪಟ್ಟಿ ಬಳಿದಿರುತ್ತಾರೆ, ಅದನ್ನು ಹುಡುಕುತ್ತ ಹೋಗಬೇಕು. ಕಾಲ್ದಾರಿ ಎಂದು ಕರೆಯುವಂಥದ್ದು ಬಹಳ ಕಡೆ ಇಲ್ಲವೇ ಇಲ್ಲ. ಸುಣ್ಣದಕಲ್ಲಿನ ಹಾಸುಗಳು, ಮಳೆ ಕೊರೆದು ಕೊರೆದು ಅವುಗಳ ಮೈಯೆಲ್ಲ ಹೆರೆಮಣೆಯ ಹಲ್ಲು. ಒಂದು ಕಡೆ ಬ್ಯಾಲೆನ್ಸ್ ತಪ್ಪಿ ಅಂಗೈ ಊರಿದೆ, ಮೂರು ಗೀರು ರಕ್ತ ಬಂತು.

ಬೆಳಕು ಹರಿದಾಗ ಒಂದು ವಿಷಯ ನನ್ನನ್ನು ಕಂಗೆಡಿಸಿತು. ತುದಿ ಕಾಣುತ್ತಿತ್ತು! ನಮ್ಮ ಘಟ್ಟದಲ್ಲಿ ತುದಿ ಎನ್ನುವುದು ಕೊನೆಯ ಗಳಿಗೆಯವರೆಗೆ ಸಿಕ್ಕದ ಸಂಗತಿ. ಕಾಡೊಳಗೆ ಮುಂದಿನವರ ಹಿಮ್ಮಡಿ ನೋಡಿಕೊಂಡು ನಡೆಯುತ್ತೇವೆ, ಹುಲ್ಲುಗಾವಲಿಗೆ ಬಂದರೆ ಮಂಜು, ಮಂಜು ಸರಿದರೆ ಅದು ತುದಿಯಲ್ಲ, ಇನ್ನೊಂದು ಗುಡ್ಡ. ಇಲ್ಲಿ ಗಾಳಿಯಲ್ಲಿ ಪಸೆಯೇ ಇಲ್ಲದ್ದರಿಂದ ದೂರದ್ದೆಲ್ಲ ತೊಳೆದಿಟ್ಟ ಹಾಗೆ ಕಾಣುತ್ತದೆ. ಎದುರಿನ ಏಣಿನ ಮೇಲಿನ ಒಂಟಿ ಮರ ನೋಡಿ "ಹತ್ತು ನಿಮಿಷ" ಎಂದೆ. ಅಲ್ಲಿಗೆ ತಲುಪಲು ಒಂದು ಗಂಟೆ ಹಿಡಿಯಿತು. ಹೆಂಚಿನ ಮನೆಗಳ ಮೇಲಿನ ಹೊಗೆಮಂಜಿನ ಹಿಂದೆ ನಸು ನೀಲಿಯಾಗಿ ಕಂಡದ್ದು ದೂರ, ಗೆರೆ ಗೆರೆ ಕಂಡದ್ದು ಹತ್ತಿರ ಎಂದು ಐವತ್ತು ವರ್ಷ ಕಲಿತ ಕಣ್ಣು ನನ್ನದು.

ಮರಗಳೂ ಇಲ್ಲದಿಲ್ಲ. ಕಾಡು ಆಲಿವ್, ಮೇಲೆ ಹೋದ ಹಾಗೆ ಜೂನಿಪರ್. ಬೆಟ್ಟ ಎತ್ತರವಾದ್ದರಿಂದ ಕೆಳಗಿನ ಬಯಲಿಗಿಂತ ಮಳೆ ಸ್ವಲ್ಪ ಹೆಚ್ಚು, ಸೆಖೆ ಕಡಿಮೆ, ಅಷ್ಟಕ್ಕೆ ಅವು ಬದುಕಿವೆ. ಒಂದೊಂದರ ಕಾಂಡವೂ ಹಿಂಡಿ ಒಣಗಲು ಹಾಕಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು. ಅರ್ಧ ಮರ ಸತ್ತು ಬೆಳ್ಳಿಯ ಬಣ್ಣಕ್ಕೆ ತಿರುಗಿದ್ದರೂ ಇನ್ನರ್ಧ ಹಸಿರು. ಬಿಳಿ ರಣಹದ್ದೊಂದು ನಮಗಿಂತ ಕೆಳಗೆ, ಕಣಿವೆಯೊಳಗೆ ತೇಲುತ್ತಿತ್ತು. ಹದ್ದಿನ ಬೆನ್ನು ನೋಡಿದ್ದು ಅದೇ ಮೊದಲು.

ಸುಮಾರು ಎಂಟೂವರೆಗೆ ಕೂತ ಕಲ್ಲಿನಲ್ಲಿ ಮರುವಾಯಿ ಸಿಕ್ಕಿತು. ಹೌದು, ನಮ್ಮ ಹೊಳೆಯ ಚಿಪ್ಪಿನ ಮರುವಾಯಿಯೇ ಎಂದು ಮೊದಲು ಅನಿಸಿದ್ದು. ಬೂದು ಕಲ್ಲಿನ ಮೈಯಲ್ಲಿ ಚಿಪ್ಪಿನ ಅಂಚು, ಹೆಬ್ಬೆರಳ ಉಗುರಿನ ದಪ್ಪ, ಒಂದರೊಳಗೊಂದು ಬಾಗಿದ ಗೆರೆಗಳು. ಪಕ್ಕದಲ್ಲಿ ಇನ್ನೊಂದು, ಕೊಂಬಿನ ಹಾಗೆ ಸುತ್ತಿದ್ದು. ನಮ್ಮಲ್ಲಿ ಉದ್ಯಾವರ ಹೊಳೆಯಿಂದ ತಂದ ಮರುವಾಯಿಯನ್ನು ಬುಟ್ಟಿಯಲ್ಲಿ ರಾಶಿ ಹಾಕಿ ಮಾರುವವಳ ಹತ್ತಿರ ದಿನಾ ನೋಡುವ ಅದೇ ಬಾಗು. ಇವು ಈಗ ಬದುಕಿರುವ ಜಾತಿಗಳಲ್ಲ. ಸುಮಾರು 10 ಕೋಟಿ ವರ್ಷದ ಹಿಂದೆ ಇಲ್ಲಿ ಬೆಚ್ಚನೆಯ ಆಳವಿಲ್ಲದ ಕಡಲಿತ್ತು, ಇಂಥ ಎರಡು ಚಿಪ್ಪಿನ ಜೀವಿಗಳು ಅದರ ತಳದಲ್ಲಿ ದಿಣ್ಣೆ ದಿಣ್ಣೆಯಾಗಿ ಬೆಳೆಯುತ್ತಿದ್ದವು. ಆ ಚಿಪ್ಪು, ಆ ಕೆಸರು ಒತ್ತಿ ಒತ್ತಿ ಸುಣ್ಣದಕಲ್ಲಾಗಿ, ಭೂಮಿ ಅದನ್ನು ಮಡಚಿ ಮೇಲೆತ್ತಿತು. ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿದ ಊರಿನವಳು ನಾನು, ಇದರಲ್ಲಿ ಆಶ್ಚರ್ಯಪಡಬಾರದು. ಆದರೂ ಬಗ್ಗಿ, ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಆ ಅಂಚನ್ನು ಎಷ್ಟೋ ಹೊತ್ತು ಸವರಿದೆ. ತಮ್ಮ "ಅಕ್ಕ, ನೀರು ಕುಡಿದಿಯಾ?" ಎಂದ. "ಕುಡಿದೆ" ಎಂದೆ.

ಒಂದು ಗುಟುಕು ಕುಡಿದಿದ್ದೆ.

ಅಲ್ಲಿಂದ ಮುಂದಿನದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಕಣ್ಣಿನ ಹಿಂದೆ ಮೊಳೆ ಹೊಡೆದಂಥ ತಲೆನೋವು. ಎತ್ತರದ್ದಿರಬಹುದು ಎಂದುಕೊಂಡೆ. ಆ ಎತ್ತರಕ್ಕೆ ಗಾಳಿಯ ಒತ್ತಡ ಕಡಲ ಮಟ್ಟದ ಮುಕ್ಕಾಲಿಗಿಂತ ಕಡಿಮೆ, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಕುಂದಾಪುರದವರು ಏನೋ ತಮಾಷೆ ಮಾಡಿದರೆ ಸಿಟ್ಟು ಬಂತು. ತಮ್ಮ ಮುಂದೆ ನಡೆದರೆ ಸಿಟ್ಟು, ಹಿಂದೆ ಬಂದರೂ ಸಿಟ್ಟು. ಕೊನೆಗೆ ಒಂದು ಎತ್ತರದ ಕಲ್ಲಿಗೆ ಕಾಲಿಟ್ಟು ಮೈ ಎತ್ತಿದೆ ನೋಡಿ, ಬಲಗಾಲಿನ ಮೀನಖಂಡ ಗಂಟು ಕಟ್ಟಿ ಕಲ್ಲಾಯಿತು. ಕೂತಲ್ಲಿಯೇ ಕೂಗಿಕೊಂಡೆ. "ನೀವಿಬ್ಬರೂ ಹೋಗಿ, ನಾನಿಲ್ಲೇ ಇರ್ತೇನೆ" ಎಂದೆ, ಇಲ್ಲಿ ಬರೆಯಲಾಗದ ಇನ್ನೆರಡು ಮಾತನ್ನೂ ಸೇರಿಸಿ.

"ಹ್ವಾಯ್, ಎಂತಾಯ್ತ್ ಅಕ್ಕ?" ಎಂದು ಅವರು ಓಡಿ ಬಂದು ನನ್ನ ಹಿಂದೆ ನಿಂತವರು ಒಂದು ಕ್ಷಣ ಸುಮ್ಮನಾದರು. "ನಿಮ್ ಬೆನ್ ಕಾಣಿ" ಎಂದರು. ಬೆನ್ನು ನಾನು ಹೇಗೆ ಕಾಣುವುದು? ತಮ್ಮ ಮೊಬೈಲಿನಲ್ಲಿ ಫೋಟೊ ತೆಗೆದು ತೋರಿಸಿದ. ಕಡುನೀಲಿ ಅಂಗಿಯ ಬೆನ್ನ ಮೇಲೆ, ಚೀಲದ ಪಟ್ಟಿಯ ಗುಂಟ, ಕಂಕುಳ ಸುತ್ತ, ಬಿಳಿ ಬಿಳಿ ಗೆರೆಗಳು. ಅಲೆ ಬಂದು ಹಿಂದೆ ಸರಿದಾಗ ಮರಳಲ್ಲಿ ಉಳಿಯುವ ಅಂಚಿನ ಹಾಗೆ, ಒಂದರ ಹಿಂದೆ ಒಂದು. ತೋಳಿನ ಮೇಲಿನದ್ದನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟೆ. ಉಪ್ಪು.

ಅಷ್ಟು ಹೊತ್ತೂ ನಾನು ಧಾರಾಕಾರ ಬೆವರಿದ್ದೆ. ಅದು ಚರ್ಮದಿಂದ ಹೊರಬಂದ ಗಳಿಗೆಯಲ್ಲೇ ಗಾಳಿ ಕುಡಿದುಬಿಟ್ಟಿತ್ತು.

ಈಗ ನನ್ನ ನಾಚಿಕೆಗೇಡು ಹೇಳಬೇಕು. ಆವಿಯಾಗುವಿಕೆಯ ಪಾಠವನ್ನು ನಾನು 24 ವರ್ಷದಿಂದ ಒಂಬತ್ತನೇ ತರಗತಿಗೆ ಮಾಡುತ್ತಿದ್ದೇನೆ. ಮಕ್ಕಳ ಅಂಗೈ ಹಿಂದೆ ಸ್ಪಿರಿಟ್ ಹಚ್ಚಿ ತಣ್ಣಗಾಯಿತಾ ಎಂದು ಕೇಳುತ್ತೇನೆ. ತಾಪ, ಮೇಲ್ಮೈ, ಗಾಳಿಯ ವೇಗ, ಗಾಳಿಯಲ್ಲಿನ ತೇವಾಂಶ, ಹೀಗೆ ನಾಲ್ಕು ಕಾರಣ ಬೋರ್ಡಿನ ಮೇಲೆ ಬರೆಯುತ್ತೇನೆ. "ನಮ್ಮ ಊರಿನಲ್ಲಿ ಬೆವರು ಯಾಕೆ ಒಣಗುವುದಿಲ್ಲ?" ಎಂದು ಕೇಳಿ, "ತೇವಾಂಶ ಹೆಚ್ಚು ಟೀಚರ್" ಎಂಬ ಒಕ್ಕೊರಲಿನ ಉತ್ತರ ಪಡೆದು ಖುಷಿಯಾಗುತ್ತೇನೆ. ಒಂದು ಗ್ರಾಂ ಬೆವರು ಆರಿದರೆ ಮೈಯಿಂದ ಸುಮಾರು 580 ಕ್ಯಾಲರಿ ಶಾಖ ಒಯ್ಯುತ್ತದೆ ಎಂದು ಲೆಕ್ಕವನ್ನೂ ಮಾಡಿಸುತ್ತೇನೆ. ಅದರ ಇನ್ನೊಂದು ಮಗ್ಗುಲನ್ನು, ಒಣಗುವ ಊರಿಗೆ ಹೋದರೆ ಬೆವರಿದ್ದೇ ಗೊತ್ತಾಗದು ಎಂಬುದನ್ನು, ಒಬ್ಬ ಹುಡುಗನೂ ಕೇಳಿಲ್ಲ, ನಾನೂ ಯೋಚಿಸಿಲ್ಲ. ಗಡಿಯಾರ ನಿಂತಿತ್ತು, ನಾನು ಇನ್ನೂ ಬೆಳಿಗ್ಗೆಯೇ ಎಂದುಕೊಂಡು ನಡೆಯುತ್ತಿದ್ದೆ.

ತಮ್ಮ ನನ್ನ ಚೀಲದ ಬಾಟ್ಲಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ನಾಲ್ಕು ಲೀಟರಿನಲ್ಲಿ ಅರ್ಧ ಲೀಟರೂ ಖಾಲಿಯಾಗಿರಲಿಲ್ಲ. ನಾಲ್ಕು ಗಂಟೆ ಹತ್ತಿದ ಮೇಲೆ. ಅವನಿಗೆ ಸಿಟ್ಟು ಬಂದದ್ದು ಅಪರೂಪ. "ಯಾಕೆ ಕುಡಿಯಲಿಲ್ಲ ನೀನು? ಕೇಳಿದಾಗ ಕುಡಿದೆ ಎಂದೆಯಲ್ಲ!"

ಬಾಯಾರಿಕೆ ಆಗಲಿಲ್ಲ ಎಂದೆ. ಅದು ಅರ್ಧ ನಿಜ. ಇನ್ನರ್ಧವನ್ನು ಇಬ್ಬರು ಗಂಡಸರ ಎದುರು ಹೇಳಲು ಬಾಯಿ ಬರಲಿಲ್ಲ, ಮರಳಿ ಬಂದ ಮೇಲೆ ಅಡುಗೆಮನೆಯಲ್ಲಿ ಅವನ ಹೆಂಡತಿಗೆ ಹೇಳಿದೆ. ಎದುರಿಗೆ ಗಿಡ ಮರ ಮರೆ ಇಲ್ಲದ ಬೋಳು ಬೆಟ್ಟ. ನೀರು ಕುಡಿದರೆ ಎಲ್ಲಿ ಹೋಗುವುದು? ಬೆಟ್ಟಕ್ಕಿಂತ ಹಳೆಯ ಅಭ್ಯಾಸ ಅದು. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಟೀಚರುಗಳಿಗೆ ಇದ್ದ ಒಂದೇ ಶೌಚಾಲಯಕ್ಕೆ ಚಿಲಕ ಇರಲಿಲ್ಲ, ನೀರೂ ಇರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ ಚಾ, ಮತ್ತೆ ಸಂಜೆ ಐದಕ್ಕೆ ಮನೆಗೆ ಬಂದ ಮೇಲೆಯೇ. ಆ ಶಾಲೆ ಬಿಟ್ಟು ಎಷ್ಟೋ ಕಾಲವಾಯಿತು, ಈಗಿನ ಶಾಲೆಯಲ್ಲಿ ಎಲ್ಲ ಅನುಕೂಲ ಉಂಟು, ಆದರೂ ಸ್ಟೀಲ್ ಬಾಟ್ಲಿ ಪ್ರತಿ ಸಂಜೆ ಮುಕ್ಕಾಲು ತುಂಬಿಯೇ ಮನೆಗೆ ಬರುತ್ತದೆ. ಉಳಿದ ನೀರನ್ನು ಅಮ್ಮ ಅಂಗಳದ ಮಲ್ಲಿಗೆ ಬುಡಕ್ಕೆ ಹೊಯ್ಯುತ್ತಾಳೆ. ಬಾಯಾರಿದರೂ ಬಾಯಾರದ ಹಾಗೆ ಇರಲು ಕಲಿತ ಮೈಗೆ ಬಾಯಾರಿಕೆ ಹೇಳುವುದನ್ನೇ ಬಿಟ್ಟಿತ್ತೋ ಏನೋ.

ಇದನ್ನೆಲ್ಲ ಕೇಳಿದ ಅವಳು ಪಾತ್ರೆ ತೊಳೆಯುತ್ತಲೇ, "ನನ್ನ ಅಮ್ಮನೂ ಹಾಗೆಯೇ ಅತ್ತಿಗೆ. ಸುತ್ತಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ದಿನ ನೀರು ಮುಟ್ಟುತ್ತಿರಲಿಲ್ಲ" ಎಂದಳು.

ಜೂನಿಪರಿನ ಕೆಳಗೆ ಅಂಗಾತ ಮಲಗಿಸಿದರು. ತಮ್ಮ ಕಾಲಿನ ಹೆಬ್ಬೆರಳು ಹಿಡಿದು ಮೀನಖಂಡ ಎಳೆದ. ಕುಂದಾಪುರದವರು ಚೀಲ ತಡಕಿ ಫ್ಲಾಸ್ಕ್ ತೆಗೆದರು. ಮುಚ್ಚಳ ತಿರುಗಿಸಿದ್ದೇ ತಡ, ಕುಚ್ಚಲಕ್ಕಿಯ ಆ ಕೆಂಪು ವಾಸನೆ. ಜ್ವರದ ವಾಸನೆ ಅದು ನನಗೆ. ಚಿಕ್ಕಂದಿನಲ್ಲಿ ಹೊಟ್ಟೆ ಕೆಟ್ಟಾಗ, ವಾಂತಿಯಾದಾಗ, ಪರೀಕ್ಷೆಗೆ ಮೊದಲು ತಲೆ ಸುತ್ತಿದಾಗ ಅಜ್ಜಿ ಕೊಡುತ್ತಿದ್ದದ್ದು ಇದೇ. ಉಪ್ಪು, ಪಿಷ್ಟ, ನೀರು. ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಕೆಲಸವನ್ನೇ ಇದೂ ಮಾಡುತ್ತದೆ. ಪಿಷ್ಟ ಕರುಳಿನಲ್ಲಿ ಸಕ್ಕರೆಯಾಗುತ್ತದೆ, ಸಕ್ಕರೆಯ ಜೊತೆ ಉಪ್ಪು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು. ಬಿಸಿ ಇನ್ನೂ ಸ್ವಲ್ಪ ಉಳಿದಿತ್ತು. ಮುಚ್ಚಳದಲ್ಲಿ ಸುರಿದು ಸುರಿದು ಸಣ್ಣ ಗುಟುಕಿನಲ್ಲಿ ಕುಡಿದೆ. ಮೂವರೂ ಮಾತಾಡಲಿಲ್ಲ. ಮೂರನೇ ಮುಚ್ಚಳಕ್ಕೆ ನನಗೆ ಭಯಂಕರ ಬಾಯಾರಿಕೆಯಾಯಿತು. ಅಲ್ಲಿಯವರೆಗೆ ಇಲ್ಲದ್ದು ಒಮ್ಮೆಲೇ ಎಲ್ಲಿಂದಲೋ ಎದ್ದು ಬಂದ ಹಾಗೆ. ಬಾಟ್ಲಿ ಕಸಿದುಕೊಂಡೆ. "ನಿಧಾನ, ನಿಧಾನ" ಎಂದ ತಮ್ಮ, ಚಿಕ್ಕಂದಿನಲ್ಲಿ ಅವನಿಗೆ ನಾನು ಹೇಳುತ್ತಿದ್ದ ಅದೇ ಧಾಟಿಯಲ್ಲಿ.

ಮುಕ್ಕಾಲು ಗಂಟೆ ಅಲ್ಲೇ ಇದ್ದೆವು. ಇಳಿಯುವ ಎಂದ ಅವನು. ತಲೆನೋವು ಇಳಿದಿತ್ತು, ಕಾಲು ನೆಲಕ್ಕೆ ಊರುತ್ತಿತ್ತು. ಇನ್ನೊಂದು ಗಂಟೆ ನೋಡುವ, ಆಗದಿದ್ದರೆ ತಿರುಗುವ ಎಂದೆ. ಇದು ಬುದ್ಧಿವಂತಿಕೆ ಎಂದು ನಾನು ಹೇಳುವುದಿಲ್ಲ. ಯಾರಾದರೂ ನನ್ನ ಮಕ್ಕಳು ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಆಮೇಲೆ ಪ್ರತಿ ಹದಿನೈದು ನಿಮಿಷಕ್ಕೆ ಕುಂದಾಪುರದವರ ಮೊಬೈಲಿನಲ್ಲಿ ಅಲಾರಾಂ ಹೊಡೆಯುತ್ತಿತ್ತು, ಮೂವರೂ ನಿಂತು ಕುಡಿಯುವುದು. ಮರೆಯ ಪ್ರಶ್ನೆಯೂ ಬಂತು. ಗಂಡಸರಿಬ್ಬರೂ ಬೆನ್ನು ಹಾಕಿ ಕಣಿವೆಯನ್ನು ಅತಿಯಾದ ಆಸಕ್ತಿಯಿಂದ ನೋಡುತ್ತ ನಿಂತರು. ಎಷ್ಟು ಸಲೀಸಾಗಿ ಮುಗಿಯುವ ವಿಷಯ!

ತುದಿ ತಲುಪಿದ್ದು ಹನ್ನೆರಡೂವರೆಗೆ. ಕಲ್ಲುಗಳನ್ನು ಪೇರಿಸಿದ ಒಂದು ಗುಪ್ಪೆ, ಎದುರಿಗೆ ಉತ್ತರದ ಶಿಖರದ ಮೇಲೆ ಮಿಲಿಟರಿಯವರ ಬಿಳಿ ಗುಮ್ಮಟ. ಆ ಬದಿಗೆ ಬೆಟ್ಟ ಒಮ್ಮೆಗೇ ಕಡಿದುಬಿಟ್ಟ ಹಾಗೆ ಕೆಳಕ್ಕೆ ಇಳಿದಿತ್ತು. ಸಾಲು ಸಾಲು ಏಣುಗಳು, ಬೂದು, ಅದರ ಹಿಂದೆ ಕಂದು, ಅದರ ಹಿಂದೆ ಬಣ್ಣ ಹೇಳಲಾಗದ್ದು. ಎಲ್ಲೂ ಒಂದು ಮೋಡವಿಲ್ಲ. ಇಷ್ಟು ದೊಡ್ಡ ಆಕಾಶದಲ್ಲಿ ಒಂದೂ ಮೋಡ ಇಲ್ಲದ್ದು ನನಗೆ ಸ್ವಲ್ಪ ಅನಾಥ ಅನಿಸಿತು, ಕುಮಾರಪರ್ವತದ ಮೇಲೆ ನಾವು ನಿಂತ ಅರ್ಧ ಗಂಟೆಯಲ್ಲಿ ಕಾಲ ಕೆಳಗಿನಿಂದ ಮೇಲೆ ಬಂದು ಮುಖ ಒದ್ದೆ ಮಾಡಿ ಹೋದ ಮೋಡ ನೆನಪಾಗಿ. ತಮ್ಮ ಪೂರ್ವದ ಕಡೆಗೆ ತಿರುಗಿ ನಿಂತಿದ್ದ. "ಹೀಗೇ ನೇರ ಹೋದರೆ ಊರು" ಎಂದ. ಹೀಗೇ ನೇರ ಹೋದರೆ ಗುಜರಾತ್, ಊರಿಗೆ ಇನ್ನೂ ಬಲಕ್ಕೆ ತಿರುಗಬೇಕು ಎಂದು ಹೇಳಲು ಬಾಯಿ ತೆರೆದು ಮುಚ್ಚಿದೆ. ಮಿಡಿ ಉಪ್ಪಿನಕಾಯಿಯ ಜೊತೆ ಚಪಾತಿ ತಿಂದು, ಫೋಟೊ ತೆಗೆದು, ಇಳಿದೆವು.

ಇಳಿದದ್ದರ ಬಗ್ಗೆ ಹೆಚ್ಚಿಲ್ಲ. ಮೊಣಕಾಲು. ಟೆಂಟಿಗೆ ಬಂದಾಗ ಕತ್ತಲಾಗಿತ್ತು. ನಾಲ್ಕು ಬಾಟ್ಲಿಯೂ ಖಾಲಿ.

ಆ ಅಂಗಿಯನ್ನು ತೊಳೆಯದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದೆ. ಮಕ್ಕಳಿಗೆ ತೋರಿಸುವ ಎಂದು. ಬಜ್ಪೆಯಲ್ಲಿ ಇಳಿದು ಮನೆಗೆ ಬಂದು ಮಲಗಿ ಏಳುವಷ್ಟರಲ್ಲಿ ಅಮ್ಮ ಚೀಲ ಖಾಲಿ ಮಾಡಿದ್ದಳು. ಬಾವಿಕಟ್ಟೆಯ ಹತ್ತಿರ ಬಕೆಟ್ಟಿನ ಎದುರು ಕೂತು ಅಂಗಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಎಂತದಿದು ಬೆನ್ನಲ್ಲೆಲ್ಲ ಬಿಳಿ ಬಿಳಿ? ಕಡಲಿಗೆ ಇಳಿದದ್ದಾ?"

"ಇಲ್ಲಮ್ಮ, ಬೆಟ್ಟ ಹತ್ತಿದ್ದು."

"ಬೆಟ್ಟದಲ್ಲಿ ಉಪ್ಪು ಎಲ್ಲಿಂದ ಬಂತು?" ಎನ್ನುತ್ತ, ನಾನು ಬಾಯಿ ತೆರೆಯುವ ಮೊದಲೇ ಅದನ್ನು ನೀರಿಗೆ ಮುಳುಗಿಸಿದಳು.

ತೋರಿಸಲು ಅಂಗಿ ಇಲ್ಲದೆಯೇ ಶಾಲೆ ಶುರುವಾಯಿತು. ಸ್ಟೀಲ್ ಬಾಟ್ಲಿ ಈಗ ಕೆಲವು ದಿನ ಖಾಲಿಯಾಗಿ ಬರುತ್ತದೆ, ಕೆಲವು ದಿನ ಇಲ್ಲ. ಖಾಲಿ ಬಂದ ದಿನ ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾಳೆ. ಆಮೇಲೆ ಬಾವಿಯಿಂದ ಒಂದು ಕೊಡಪಾನ ಸೇದಿ ಮಲ್ಲಿಗೆ ಬುಡಕ್ಕೆ ಹೊಯ್ಯುತ್ತಾಳೆ.